ಪ್ಯಾರಿಷ್‌ನವರು ಕೈ ಎತ್ತಲಿ

ರೇನರ್ಸ್ ಲೇನ್, ಲಂಡನ್
4 ಮೇ 2003, ಭಾನುವಾರ

ಪ್ರೀತಿಯ ವತ್ಸಲಾ,

ಕರ್ತನ ಹೆಸರಿನಲ್ಲಿ ನಿನಗೂ ಮನೆಯವರಿಗೂ ವಂದನೆ. ನಿನ್ನ ಕ್ರಿಸ್ಮಸ್ ಕಾಗದಕ್ಕೆ ಈಸ್ಟರ್ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ. ಮೊಮ್ಮಗಳ ದೀಕ್ಷಾಸ್ನಾನ ಚೆನ್ನಾಗಿ ಆಯಿತೆಂದು ತಿಳಿದು ಸಂತೋಷವಾಯಿತು. ನೀನು ಎರಡು ಪ್ರಶ್ನೆ ಕೇಳಿದ್ದೆ. ಮೊದಲನೆಯದಕ್ಕೆ ಮೊದಲು ಉತ್ತರಿಸುತ್ತೇನೆ.

"ಚರ್ಚಿಗೆ ವಾರ್ಡನ್ ಯಾಕೆ, ಅದೇನು ಹಾಸ್ಟೆಲಾ?" ಎಂದು ಬರೆದಿದ್ದೆ. ಓದಿದ ಕೂಡಲೇ ನಮ್ಮ ಬೋರ್ಡಿಂಗಿನ ರತ್ನಾಬಾಯಿ ಟೀಚರ ಸೊಂಟದ ಬೀಗದ ಕೈಗೊಂಚಲು ನೆನಪಾಯಿತು. ನನ್ನ ಬ್ಯಾಗಿನಲ್ಲಿಯೂ ಈಗ ಅಂಥದೇ ಒಂದು ಗೊಂಚಲಿದೆ. ನಮ್ಮಲ್ಲಿ ಸಭಾ ಹಿರಿಯರು ಇರುವ ಹಾಗೆ ಇಲ್ಲಿ ಪ್ರತಿ ಚರ್ಚಿಗೂ ಇಬ್ಬರು ವಾರ್ಡನ್, ನಮ್ಮ ಚರ್ಚಿನ ಇಬ್ಬರಲ್ಲಿ ನಾನೊಬ್ಬಳು. ಪಾದ್ರಿ ಇಲ್ಲದಾಗ ಚರ್ಚು ನಡೆಸುವವರು ಅವರೇ. ನಮಗೆ ಪಾದ್ರಿ ಇಲ್ಲದೆ ವರ್ಷ ಮೀರಿತು.

ನಮ್ಮ ರೆವರೆಂಡ್ ಮಾಲ್ಕಮ್ ನಿವೃತ್ತರಾದ ಮೇಲೆ "ಬಿಷಪರು ಲಿವಿಂಗನ್ನು ಅಮಾನತಿನಲ್ಲಿಟ್ಟಿದ್ದಾರೆ" ಎಂದು ಸುದ್ದಿ ಬಂತು. ಲಿವಿಂಗ್ ಎಂದರೆ ಬದುಕು ಎಂದಷ್ಟೇ ಗೊತ್ತಿದ್ದ ನಾನು, ಪಾಪ, ಆ ಮುದುಕನ ಪಿಂಚಣಿ ನಿಲ್ಲಿಸಿದರೆಂದು ತಿಳಿದು ಒಂದು ಡಬ್ಬ ಸಾರಿನ ಪುಡಿ, ಅಕ್ಕಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಅವರು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಲಿವಿಂಗ್ ಎಂದರೆ ಇಲ್ಲಿ ಪಾದ್ರಿಯ ಹುದ್ದೆಯಂತೆ. ಅಮಾನತು ಎಂದರೆ ಸದ್ಯಕ್ಕೆ ಹೊಸ ಪಾದ್ರಿ ಇಲ್ಲ. ನಗು ನಿಂತ ಮೇಲೆ ಅವರು, "ಸ್ವರ್ಣಾ, ಹುಷಾರು. ಚರ್ಚು ಮುಚ್ಚುವ ಮೊದಲು ಹೀಗೇ ಶುರುವಾಗುತ್ತದೆ," ಎಂದರು.

ಬಿಷಪರ ಪ್ರಾಂತಕ್ಕೆ ಡಯಾಸಿಸ್ ಎನ್ನುತ್ತಾರಲ್ಲ, ಹಾಗೆಂದರೆ ಬಿಷಪರೊಬ್ಬರೇ ಎಂದು ನಾನೂ ತಿಳಿದಿದ್ದೆ. ಅಲ್ಲ ಮಾರಾಯ್ತಿ. ಬಿಷಪರ ಕೆಳಗೆ ಆರ್ಚ್‌ಡೀಕನ್, ಅವರೇ ಬಿಷಪರ ಕಣ್ಣು. ಅವರ ಕೆಳಗೆ ಅಕ್ಕಪಕ್ಕದ ಚರ್ಚುಗಳಿಗೆಲ್ಲ ಸೇರಿ ಒಬ್ಬರು ಏರಿಯಾ ಡೀನ್. ಅಡಿಯಲ್ಲಿ ನಾವು. ಪಾದ್ರಿಗಳೂ ಜನರೂ ಒಟ್ಟಿಗೆ ಕೂತು ತೀರ್ಮಾನಿಸಲು ಸಿನೊಡ್ ಇದೆ, ಹಣಕ್ಕೆ ಮತ್ತು ಆಸ್ತಿಗೆ ಬೇರೆ ಮಂಡಳಿ, ಬೇರೆ ಆಫೀಸು. ಚರ್ಚುಗಳೆಲ್ಲ ಒಂದೇ ನಿಧಿಗೆ ಪಾಲು ಕಟ್ಟಬೇಕು, ಪಾದ್ರಿಗಳ ಸಂಬಳ ಅದರಿಂದ. ಇದ್ದವರು ಹೆಚ್ಚು ಕೊಟ್ಟು ಇಲ್ಲದವರನ್ನು ನಡೆಸಲಿ ಎಂದೇ ಮಾಡಿದ ನಿಧಿ ಅದು. ಆದರೆ ಕಡಿಮೆ ಕೊಟ್ಟವರನ್ನು ನೋಡುವ ನೋಟ ಹೇಗಿರುತ್ತದೆಂದು ನಿನಗೆ ಹೇಳಬೇಕಾಗಿಲ್ಲ, ಮಿಷನ್ ಶಾಲೆಯ ಫೀಸು ತಡವಾಗಿ ಕಟ್ಟಿದವರು ನಾವಿಬ್ಬರೂ.

ಡಯಾಸಿಸ್‌ನವರ ಯೋಜನೆ ಇಷ್ಟೆ. ನಮ್ಮ ಪ್ಯಾರಿಷನ್ನು ಪಕ್ಕದ್ದಕ್ಕೆ ಸೇರಿಸುವುದು, ಚರ್ಚು ಮುಚ್ಚುವುದು, ಹಾಲ್ ಸಮೇತ ಜಾಗ ಮಾರುವುದು. ಅಲ್ಲಿ ಫ್ಲಾಟ್ ಏಳುತ್ತವೆ. ನಮ್ಮ ಯಜಮಾನರು ಸಂಪತ್‌ರ ಶವಪೆಟ್ಟಿಗೆ ಇಟ್ಟು ನಾವು ಕನ್ನಡದಲ್ಲಿ ಹಾಡಿದ ಜಾಗದಲ್ಲಿ ಯಾರದೋ ಬಾತ್‌ರೂಮ್ ಬರುತ್ತದೆ. ಆದರೆ ಬಿಷಪರು ಮನಸ್ಸಿಗೆ ಬಂದ ಹಾಗೆ ಮಾಡುವಂತಿಲ್ಲ. ನಮ್ಮ ಚರ್ಚಿನ ಸಮಿತಿಯನ್ನು ಕೇಳಲೇಬೇಕು. ನಾವು ಒಲ್ಲೆವೆಂದು ಹಟ ಹಿಡಿದರೆ ವಿಷಯ ಡಯಾಸಿಸ್ ದಾಟಿ ಮೇಲಕ್ಕೆ ಹೋಗುತ್ತದೆ. ವಾರ್ಡನ್‌ಗಳು ತಾವಾಗಿಯೇ ಆ ಸಮಿತಿಯಲ್ಲಿರುತ್ತಾರೆ, ಪಾದ್ರಿ ಇಲ್ಲದಾಗ ಅವರದೇ ಮಾತು. ಆದ್ದರಿಂದ ವರ್ಷ ವರ್ಷ ನಡೆಯುವ ವಾರ್ಡನ್ ಚುನಾವಣೆಗೆ ಈ ಏಪ್ರಿಲ್‌ನಲ್ಲಿ ನನ್ನೆದುರು ಮಿಸ್ಟರ್ ಪೆಂಬರಿಯನ್ನು ನಿಲ್ಲಿಸಿದರು. ಸಭ್ಯ ಮನುಷ್ಯ, ಯಾರು ಏನು ಹೇಳಿದರೂ ತಲೆಯಾಡಿಸುತ್ತಾನೆ. ಭಾನುವಾರ ಬರುವ ನಮ್ಮ ಮುದುಕ ಮುದುಕಿಯರಲ್ಲಿ ಹೆಚ್ಚಿನವರು ಸುಸ್ತಾಗಿ ಅವನ ಕಡೆ ವಾಲಿದ್ದರು.

ಈಗ ನನ್ನ ದಡ್ಡತನ ಕೇಳು. ವಾರ್ಡನ್‌ಗಳನ್ನು ಆರಿಸುವುದು "ಪ್ಯಾರಿಷ್‌ನವರ ಸಭೆ". ನಮ್ಮ ಮಿಷನ್ ಕನ್ನಡದಲ್ಲಿ ಸಭೆ ಎಂದರೆ ಮೀಟಿಂಗೂ ಹೌದು, ಚರ್ಚಿಗೆ ಸೇರಿದ ಜನವೂ ಹೌದು. ಹಾಗಾಗಿ ಇಷ್ಟು ವರ್ಷ ನಾನು ಅದನ್ನು ಸಭೆಯವರ ಸಭೆ ಎಂದೇ ತಿಳಿದು ಕೂತಿದ್ದೆ. ಮಾಲ್ಕಮ್‌ರ ಬೀಳ್ಕೊಡುಗೆ ಊಟ ಕುಂದಾಪುರದಿಂದ ಬಂದ ಪುರಂದರನ ಇಲ್ಲಿನ ಹೋಟೆಲಿನಲ್ಲಿ ಆಗಿತ್ತು. ಆಗ ಅವರು, "ಪುರಂದರನೂ ನಿನ್ನಷ್ಟೇ ನನ್ನ ಪ್ಯಾರಿಷ್‌ನವನು," ಎಂದಿದ್ದರು. ಪುರಂದರ ಚರ್ಚಿಗೆ ಬರುವವನೇ ಅಲ್ಲ, ಮಸಾಲೆ ದೋಸೆಯ ಖುಷಿಯಲ್ಲಿ ಹೇಳಿದ ಮಾತೆಂದು ನಾನು ಬಿಟ್ಟಿದ್ದೆ. ಬಿಡದವನು ಪುರಂದರ. ಚುನಾವಣೆಯ ಹಿಂದಿನ ವಾರ ಅವನಲ್ಲಿಗೆ ತೆಂಗಿನಕಾಯಿ ತರಲು ಹೋದಾಗ ನನ್ನ ಸಪ್ಪೆ ಮುಖ ನೋಡಿ, ಕಾರಣ ಕೇಳಿ ತಿಳಿದು ಹೇಳಿದ, "ಹ್ವಾಯ್ ಅಕ್ಕ, ಪಾದ್ರಿ ಅವತ್ತ್ ಸುಮ್ನೆ ಹೇಳ್ದ್ದಲ್ಲ ಕಾಣಿ. ನಂಗೂ ಕೌನ್ಸಿಲ್ ಓಟ್ ಇತ್ತಲ್ದಾ? ಒಂದ್ಸಲ ಕೇಂಡ್ ಕಾಣಿ."

ಏರಿಯಾ ಡೀನ್ ಹಿಲರಿಗೆ ಫೋನ್ ಮಾಡಿದೆ. ಆಕೆ, "ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಕಾನೂನು ಹಾಗೇ ಇದೆ," ಎಂದಳು. ನಮ್ಮಲ್ಲಿ ಸಭೆ ಎಂದರೆ ಜನ, ಇಲ್ಲಿ ಪ್ಯಾರಿಷ್ ಎಂದರೆ ನೆಲ. ನಕ್ಷೆಯಲ್ಲಿ ಗೆರೆ ಎಳೆದಿದ್ದಾರೆ. ಗೆರೆಯೊಳಗೆ ವಾಸವಿದ್ದು ಕೌನ್ಸಿಲ್, ಅಂದರೆ ಇಲ್ಲಿನ ಪುರಸಭೆಯ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ, ಯಾವ ದೇವರಿಗೆ ಕೈ ಮುಗಿದರೂ ವಾರ್ಡನ್ ಆರಿಸಲು ಕೈ ಎತ್ತಬಹುದು. ನಾನು ಪುರಂದರನಿಗೆ ಹೇಳಿದ್ದೇ ತಡ, "ನಾನ್ ಬತ್ತೆ. ಅಡಿಗಿ ಹುಡ್ಗ್ರನ್ನೂ ಕರ್ಕಂಡ್ ಬತ್ತೆ. ಹಾಲ್ ಹೋರೆ ನಮ್ ಮಕ್ಳ್ ಕನ್ನಡ ಕ್ಲಾಸ್ ಎಲ್ಲಿ ಮಾಡುದ್?" ಎಂದ.

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆ. ಹಿಲರಿ ಅಧ್ಯಕ್ಷೆ. ಆರ್ಚ್‌ಡೀಕನ್ ಮುಂದಿನ ಸಾಲಿನಲ್ಲಿ. ಡಯಾಸಿಸ್ ಆಫೀಸಿನಿಂದ ಬಂದ ತರುಣ ಅಧಿಕಾರಿಯೊಬ್ಬ ಪ್ರೊಜೆಕ್ಟರ್ ಹಚ್ಚಿ ನಮ್ಮ ಮಾಡಿನ ಬಿರುಕು, ಖಾಲಿ ಬೆಂಚು ಎಲ್ಲ ತೋರಿಸಿದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಪುರಂದರ, ಅವನ ಹೆಂಡತಿ ವಿಜೇತಾ, ಇಸ್ತ್ರಿ ಹಾಕಿದ ಅಂಗಿ ತೊಟ್ಟ ಅಡಿಗೆಯವರು, ಮೈಸೂರಿನ ಡಾಕ್ಟರ್ ರಾಮಪ್ರಸಾದ್ ಮತ್ತು ಕೃಷ್ಣವೇಣಿ, ಅವರ ಬೀದಿಯವರು, ಹೀಗೆ ಬಂದು ಕೂತರು. ಆರ್ಚ್‌ಡೀಕನ್ ಎದ್ದು ಬಹಳ ವಿನಯದಿಂದ, "ಹಾಲ್ ಬುಕಿಂಗ್ ಮಧ್ಯಾಹ್ನದ ಮೇಲೆ ಅಲ್ಲವೇ?" ಎಂದರು. ಕೃಷ್ಣವೇಣಿ ಅಷ್ಟೇ ವಿನಯದಿಂದ, ತಾವು ಮತ ಹಾಕಲು ಬಂದದ್ದೆಂದಳು.

"ಇವರು ಈ ಚರ್ಚಿನ ಸದಸ್ಯರೇ?" ಎಂದರು ಆರ್ಚ್‌ಡೀಕನ್. ಪಾರ್ಕ್ ರಾಯಲಿನ ಬ್ರೆಡ್ ಫ್ಯಾಕ್ಟರಿಯಲ್ಲಿ ಶಿಫ್ಟ್ ನಡೆಸಿದವಳು ನಾನು, ಗಂಟಲು ಇನ್ನೂ ಗಟ್ಟಿಯಿದೆ. "ಇದು ಸದಸ್ಯರ ಸಭೆಯಲ್ಲ, ಪ್ಯಾರಿಷ್‌ನವರದ್ದು. ಗೆರೆ ಎಳೆದವರು ನೀವು. ಆ ಗೆರೆಯೊಳಗೆ ಮಲಗಿ ಏಳುವವರು ಇವರು," ಎಂದೆ. ಅವರು ಆಫೀಸಿನ ತರುಣನ ಕಡೆ ತಿರುಗಿದರು. ಆತ ನನ್ನ ಮುಖ ನೋಡದೆ ಹೇಳಿದ, "ಮಿಸೆಸ್ ಕರ್ಕಡ ಹೇಳುವುದು ಸರಿ. ಅವರೆಲ್ಲರಿಗೂ ಹಕ್ಕಿದೆ."

ಹಿಲರಿ, "ಪ್ಯಾರಿಷ್‌ನವರು ಕೈ ಎತ್ತಲಿ," ಎಂದಳು. ನಾನು ಗೆದ್ದೆ. ಬುಧವಾರ ಸಮಿತಿ ಸೇರಿ ಯೋಜನೆಗೆ ಒಪ್ಪಿಗೆಯಿಲ್ಲವೆಂದು ಬರೆದು ಕಳಿಸಿದ್ದೇವೆ. ಮುಚ್ಚುವುದಿದ್ದರೆ ನನ್ನ ಕೈಯಿಂದ ಗೊಂಚಲು ಕಿತ್ತುಕೊಂಡು ಮುಚ್ಚಲಿ. ಆರಿಸಿ ಬಂದ ವಾರ್ಡನ್‌ಗೆ ಪ್ರಮಾಣ ಮಾಡಿಸಬೇಕಾದವರು ಅದೇ ಆರ್ಚ್‌ಡೀಕನ್, ಅದಕ್ಕೆ ನನ್ನ ನೀಲಿ ಮೈಸೂರು ಸಿಲ್ಕ್ ತೆಗೆದಿಟ್ಟಿದ್ದೇನೆ.

ಕರ್ತನು ನಿನ್ನ ಮೊಣಕಾಲಿಗೆ ಬಲವನ್ನೂ ಮೊಮ್ಮಗಳಿಗೆ ನಿನ್ನ ಹಾಗೆ ಬಾಯಿಯನ್ನೂ ಕೊಟ್ಟು ಕಾಪಾಡಲಿ.

ನಿನ್ನ ಪ್ರೀತಿಯ
ಸ್ವರ್ಣಲತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಮಗ ಹರ್ಷಿತ್‌ಗೆ ಕೆಲಸವಾಯಿತೇ ಎಂಬುದು ನಿನ್ನ ಎರಡನೆಯ ಪ್ರಶ್ನೆ. ಆಯಿತು, ಡಯಾಸಿಸ್ ಆಫೀಸಿನಲ್ಲಿ, ಆಸ್ತಿಯ ವಿಭಾಗದಲ್ಲಿ. ಪ್ರೊಜೆಕ್ಟರ್ ಹಚ್ಚಿದವನು ಅವನೇ. ಅಮ್ಮನನ್ನು ಮಿಸೆಸ್ ಕರ್ಕಡ ಎಂದದ್ದಕ್ಕೆ ಬೇಸರವಿಲ್ಲ, ಅದು ಆಫೀಸಿನ ಮಾತು. ಕಾನೂನನ್ನು ಸರಿಯಾಗಿ ಹೇಳಿದನೆಂದು ಹೆಮ್ಮೆಯೂ ಆಯಿತು. ಆದರೆ ವತ್ಸಲಾ, ಅವನು ಮಲಗಿ ಏಳುವುದು ನನ್ನ ಮನೆಯಲ್ಲಿ. ಗೆರೆಯೊಳಗಿನವನು. ಅವನಿಗೂ ಓಟಿತ್ತು. ಹಿಲರಿ ಕೈಗಳನ್ನು ಎಣಿಸುವಾಗ ನಾನು ಬೇರೆ ಯಾರ ಕೈಯನ್ನೂ ನೋಡಲಿಲ್ಲ, ಅವನದನ್ನೇ ನೋಡುತ್ತಿದ್ದೆ. ಅದು ಪ್ರೊಜೆಕ್ಟರಿನ ವಯರ್ ಸುತ್ತುತ್ತಿತ್ತು.