ಎತ್ತಿ ಹೊಯ್ದ ಚಾಕಲೇಟ್

ಅಪ್ಪಾ,

ಕರಾಮ ಪೇಟೆಯ ಹೋಟೆಲಿನ ಕೌಂಟರಿನಲ್ಲಿ ನೀವು ಕಾಫಿ ಎತ್ತಿ ಹೊಯ್ಯುವುದನ್ನು ನಾನು ಮೊದಲು ನೋಡಿದ್ದು, ಕೆಲಸ ಹುಡುಕಿಕೊಂಡು ದುಬೈಗೆ ಬಂದ ವಾರ. ತಲೆಯ ಮೇಲಿನ ಜಗ್ಗಿನಿಂದ ಸೊಂಟದ ಹತ್ತಿರದ ಜಗ್ಗಿಗೆ, ಒಂದು ಹನಿ ಚೆಲ್ಲದೆ. ಅಬುಧಾಬಿಯ ದೊಡ್ಡ ಹೋಟೆಲಿನಲ್ಲಿ ಚಾಕಲೇಟ್ ಮಾಡುವ ಕೆಲಸ ಸಿಕ್ಕಿತೆಂದಾಗ ನೀವೇನು ಹೇಳಿದಿರಿ, ನೆನಪಿದೆಯಾ? "ಎಂತ ಮಾರಾಯ್ತಿ, ಮೆಷಿನ್ ತಿರುಗಿಸುವುದೂ ಒಂದು ಕೆಲಸವಾ? ಕೈಯಲ್ಲಿ ಎಂತಾದರೂ ಕಲಿ." ಕಲಿತು ತೋರಿಸುತ್ತೇನೆ ಎಂದು ಹಟ ಹಿಡಿದೆ. ಅಷ್ಟರಲ್ಲಿ ನೀವೇ ಇಲ್ಲವಾದಿರಿ.

ಕಳೆದ ತಿಂಗಳು ನಮ್ಮ ಶೆಫ್, ಪುರಾತನ ಕಾಲದ ಚಾಕಲೇಟ್ ಪಾನೀಯ ಮಾಡು ಎಂದರು. ಹಾಲಿಲ್ಲ, ಸಕ್ಕರೆಯಿಲ್ಲ. ಹುರಿದು ಅರೆದ ಕೋಕೋ ಬೀಜ, ಮೆಕ್ಕೆಜೋಳದ ಹಿಟ್ಟು, ಮೆಣಸು, ನೀರು, ಅಷ್ಟೇ. ಮೇಲೆ ದಪ್ಪ ನೊರೆ ನಿಲ್ಲಬೇಕು. ನಿಲ್ಲದಿದ್ದರೆ ಖಲಾಸ್, ನಾನು ಮತ್ತೆ ಕೇಕಿನ ಮೇಲೆ ಹೆಸರು ಬರೆಯುವ ಕೆಲಸಕ್ಕೆ. ಮೆಷಿನ್ ತಿರುಗಿಸಿದ್ದೇ ತಿರುಗಿಸಿದ್ದು. ಏಳುವ ನೊರೆ ಕಪ್ಪಿಗೆ ಬೀಳುವಷ್ಟರಲ್ಲಿ ಕುಸಿಯುತ್ತಿತ್ತು.

ಜೊತೆಗೆ ಕೆಲಸ ಮಾಡುವ ಮರಿಸೋಲ್ ಮೆಕ್ಸಿಕೋದವಳು. ನನ್ನ ಪಾಡು ನೋಡಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಅವಳ ಕಡೆಯ, ಸಾವಿರ ವರ್ಷಕ್ಕೂ ಹಳೆಯ ಪಾತ್ರೆ. ಅದರ ಮೈಮೇಲೆ ಬರೆದ ಚಿತ್ರದಲ್ಲಿ ಒಬ್ಬ ಹೆಂಗಸು ನಿಂತುಕೊಂಡು, ಎತ್ತರದಿಂದ ಕೆಳಗಿನ ಪಾತ್ರೆಗೆ ಚಾಕಲೇಟ್ ಹೊಯ್ಯುತ್ತಿದ್ದಾಳೆ. ಚಿತ್ರ ದೊಡ್ಡದು ಮಾಡಿ ನೋಡಿದೆ ಅಪ್ಪಾ. ಆ ತೋಳು, ಆ ಬಗ್ಗಿದ ಕತ್ತು, ಥೇಟ್ ನೀವೇ. ಆ ಕಾಲದ ಅಲ್ಲಿನ ಜನ ಮದುವೆಯಲ್ಲಿ ಕೊಡುತ್ತಿದ್ದದ್ದೂ ಅದೇ, ಸಂತೆಯಲ್ಲಿ ನಾಣ್ಯವೂ ಕೋಕೋ ಬೀಜವೇ, ಸತ್ತವರ ಜೊತೆ ಗೋರಿಯಲ್ಲಿ ಇಡುತ್ತಿದ್ದದ್ದೂ ಅದನ್ನೇ ಅಂತೆ. ಅವರು ಕಾಫಿ ಕಂಡವರಲ್ಲ, ನೀವು ಅವರ ಹೆಸರು ಕೇಳಿದವರಲ್ಲ. ಮತ್ತೆ ಇಬ್ಬರ ಕೈಗೂ ಇದನ್ನು ಹೇಳಿಕೊಟ್ಟವರು ಯಾರು?

ಎರಡು ಜಗ್ ಹಿಡಿದು ನಿಂತೆ. ಮೊದಲ ಸಲ ಅರ್ಧಕ್ಕರ್ಧ ಏಪ್ರನ್ ಪಾಲು. ನೀವು ಮೊಣಕೈ ಮೈಗೆ ತಾಗಿಸದೆ ಹೊಯ್ಯುತ್ತಿದ್ದದ್ದು ನೆನಪಾಯಿತು. ಹಾಗೆಯೇ ಹೊಯ್ದೆ, ಮತ್ತೆ ಹೊಯ್ದೆ. ಕಂದು ನೊರೆ ಎದ್ದು ನಿಂತಿತು, ಕುಸಿಯಲೇ ಇಲ್ಲ. ಮರಿಸೋಲ್ ಒಂದು ಗುಟುಕು ಕುಡಿದು ಕಪ್ ಕೆಳಗಿಟ್ಟಳು.

"ನಮ್ಮಜ್ಜಿ ಹಬ್ಬಕ್ಕೆ ಮಾಡುತ್ತಿದ್ದದ್ದು ಹೀಗೇ ಇತ್ತು. ಯಾರು ಕಲಿಸಿದ್ದು?"

"ನನ್ನಪ್ಪ."

"ಅವರು ಚಾಕಲೇಟ್‌ನವರಾ?"

"ಅಲ್ಲ, ಕರಾಮದ ಕಾಫಿಯವರು" ಎಂದೆ.

ಇನ್ನು ಮೇಲೆ ಅತಿಥಿಗಳ ಎದುರೇ ನಿಂತು ಹೊಯ್ಯಬೇಕು ಎಂದಿದ್ದಾರೆ ಶೆಫ್. ಮತ್ತೆ ಇನ್ನೊಂದು ಸುದ್ದಿ, ಬರುವ ವಾರ ಅಮ್ಮ ವಿಸಿಟ್ ವೀಸಾದಲ್ಲಿ ಬರುತ್ತಿದ್ದಾಳೆ. ಅಷ್ಟು ವರ್ಷ ನೀವಿಲ್ಲಿ, ಅವಳು ಊರಲ್ಲಿ. ನೀವು ಕಾಫಿ ಹೊಯ್ಯುವುದನ್ನು ಒಂದು ದಿನವೂ ನೋಡಿದವಳಲ್ಲ. ಅವಳನ್ನು ಎದುರಿನ ಮೇಜಿನಲ್ಲೇ ಕೂರಿಸುತ್ತೇನೆ. ನಿಮ್ಮ ಕೆಲಸ ಎಂಥದ್ದು ಅಂತ ನೋಡಲಿ, ಅಪ್ಪಾ.

ನಿಮ್ಮ ಮಗಳು