ಬಣ್ಣ ಹಿಡಿಯದ ಗಡ್ಡೆ

ಮಾರ್ಚ್ 3
ಬೆಳಿಗ್ಗೆ ಲ್ಯಾಬ್‌ನಲ್ಲಿ ಹದಿನಾಲ್ಕು ಬ್ಲಾಕ್, ಅಂದರೆ ರೋಗಿಗಳ ಗಡ್ಡೆ ತುಣುಕು ಕೂರಿಸಿದ ಮೇಣದ ಗಟ್ಟಿ, ತೆಳ್ಳಗೆ ಕತ್ತರಿಸಿದೆ. ಮೇಣ ಸರಿಯಾಗಿ ತಣ್ಣಗಾಗಿರಲಿಲ್ಲ, ಎರಡು ಸುರುಟಿಕೊಂಡವು. ಹದಿನೈದನೆಯದರ ಮೇಲೆ ತಮ್ಮನ ಹೆಸರು.

ಹೋದ ವರ್ಷ ಅವನ ತೊಡೆಯಿಂದ ತೆಗೆದ ಗಡ್ಡೆ. ಈಗ ಶ್ವಾಸಕೋಶದಲ್ಲಿ ಮೂರು. ಕೀಮೋ ಕೈಕೊಟ್ಟಿದೆ. ಉಳಿದಿರೋದು ಹೊಸ ಚಿಕಿತ್ಸೆಯ ಟ್ರಯಲ್ ಒಂದೇ. ರಕ್ತಪರೀಕ್ಷೆ ಪಾಸ್. ಇನ್ನು ಗಡ್ಡೆಯಲ್ಲಿ ಆ ಪ್ರೋಟೀನ್ ಇರಬೇಕು. ನೂರು ಕೋಶಕ್ಕೆ ಮೂವತ್ತರಲ್ಲಾದರೂ.

'ನಮ್ಮ ಮನೆಯವನದು, ಬೇರೆಯವರು ಮಾಡಲಿ' ಅಂತ ಡಾಕ್ಟರ್ ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ. ನನ್ನಷ್ಟು ತೆಳ್ಳಗೆ ಇಲ್ಲಿ ಯಾರೂ ಕತ್ತರಿಸಲ್ಲ... ಅದು ನೆಪ.

ಸಂಜೆ
ತಮ್ಮನ ಮನೆ. ಮೆತ್ತೆಗೆ ಒರಗಿ ಕೂತಿದ್ದ. ಹದಿನೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವನು, ಈಗ ಬಚ್ಚಲಿಗೆ ಹೋಗಿ ಬಂದರೆ ಏದುಸಿರು.

"ಅದೇನಕ್ಕ ಆ ಪ್ರೋಟೀನು?"

"ಗಂಡಸರ ವೃಷಣದಲ್ಲಿ ಇರೋದು ಕಣೋ. ಮೈಯ ಬೇರೆ ಕಡೆ ಅದರ ಜೀನ್ ಮಲಗಿರುತ್ತೆ. ಕೆಲವು ಕ್ಯಾನ್ಸರ್‌ನಲ್ಲಿ ಎದ್ದು ಕೂತು ಗಡ್ಡೆ ಬೆಳೆಯೋಕೆ ಕೈಜೋಡಿಸುತ್ತೆ."

"ತೊಡೆಗೂ ಅಲ್ಲಿಗೂ ಎಷ್ಟು ದೂರ? ದಾರಿ ತಪ್ಪಿರಬೇಕು ಪಾಪ!"

ಅವನ ಹೆಂಡತಿ "ಥೂ, ಅತ್ತಿಗೆ ಮುಂದೆ!" ಅಂದಳು. ಮೂವರೂ ನಕ್ಕೆವು. ನಕ್ಕು ಅವನಿಗೆ ಕೆಮ್ಮು ಬಂತು.

ಆ ಗುರುತು ಇದ್ದರೆ ಒಳ್ಳೇದು ಅಂದೆ. ಅವನ ರಕ್ತದ ಕಣಗಳನ್ನೇ ತೆಗೆದು, ಗುರುತು ಹಿಡಿದು ಹೊಡೆಯೋದು ಕಲಿಸಿ, ವಾಪಸ್ ಬಿಡ್ತಾರೆ.

"ಹಾಗಾದ್ರೆ ಇರಲಪ್ಪ," ಅಂದ. ನಗಲಿಲ್ಲ.

ಮಾರ್ಚ್ 4, 11.20
ಪ್ರತಿ ಸಲದಂತೆ ವೃಷಣದ ತುಣುಕೊಂದನ್ನು ಜೊತೆಗಿಟ್ಟಿದ್ದೆ — ಬಣ್ಣ ಕೆಲಸ ಮಾಡಿದೆಯಾ ನೋಡೋಕೆ. ಪ್ರೋಟೀನ್ ಇದ್ದಲ್ಲಿ ಕಂದು, ಇಲ್ಲದಲ್ಲಿ ನೀಲಿ. ಅದು ಗಾಢ ಕಂದು. ತಮ್ಮನದು ಹೆಚ್ಚುಕಮ್ಮಿ ಪೂರ್ತಿ ನೀಲಿ. ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ. ನೂರಕ್ಕೆ ಐದೂ ಇಲ್ಲ.

ಮಾರ್ಚ್ 5
ಮತ್ತೆ ಮಾಡಿದೆ. ಅದೇ ನೀಲಿ.

ಅದೇ ಟ್ರೇಯಲ್ಲಿ ಇನ್ನೊಬ್ಬಳದು. ಅವಳದೂ ಅದೇ ಕಾಯಿಲೆ, ಅದೇ ಟ್ರಯಲ್. ಟೈಲರ್. ಬ್ಲಾಕನ್ನು ತಾನೇ ತಂದು ಲ್ಯಾಬ್ ಕಿಟಕಿಯಲ್ಲಿ ಕೊಟ್ಟು, "ಜೋಪಾನ ಮೇಡಂ" ಅಂದಿದ್ದಳು. ಅವಳದು ಈ ತುದಿಯಿಂದ ಆ ತುದಿಗೆ ಕಂದು.

12.40
ಎಲ್ಲರೂ ಊಟಕ್ಕೆ ಹೋಗಿದ್ದಾರೆ.
ಇಬ್ಬರ ಸ್ಲೈಡ್ ಮೇಲಿನ ಹೆಸರಿನ ಸ್ಟಿಕ್ಕರ್ ಅದಲು ಬದಲು ಮಾಡಿದೆ.

3.00
ಮೇಡಂ ಮೈಕ್ರೋಸ್ಕೋಪ್‌ನಿಂದ ತಲೆ ಎತ್ತಲೇ ಇಲ್ಲ. "ತೊಂಬತ್ತು ಪರ್ಸೆಂಟ್. ಅದೃಷ್ಟವಂತ." ಸಹಿ. ಇನ್ನೊಂದು ಸ್ಲೈಡ್. "ಇವಳಿಗಿಲ್ಲ, ಪಾಪ." ಸಹಿ.
ಪಕ್ಕದಲ್ಲೇ ನಿಂತಿದ್ದೆ. ಎರಡೂ ಸ್ಲೈಡ್ ಎತ್ತಿ ಟ್ರೇಗೆ ವಾಪಸ್ ಇಟ್ಟೆ.

ಮಾರ್ಚ್ 7
ತಮ್ಮ ಹದಿನೈದು ದಿನದಿಂದ ಶೇವ್ ಮಾಡಿರಲಿಲ್ಲ, ಇವತ್ತು ಮಾಡಿಕೊಂಡಿದ್ದಾನೆ. ಮಗಳಿಗೆ ರಜೆಯಲ್ಲಿ ಈಜು ಕಲಿಸ್ತೀನಿ ಅಂದನಂತೆ. ಹೆಂಡತಿ ನನ್ನ ಕೈ ಹಿಡಿದು ಅತ್ತಳು. "ನಿಮ್ಮಿಂದಲೇ ಅತ್ತಿಗೆ."

ಕೈ ಬಿಡಿಸಿಕೊಂಡೆ. ನನಗೆ ಗೊತ್ತಿಲ್ಲದ್ದೇನಲ್ಲ. ಕಣಗಳನ್ನು ಬಿಡೋ ಮುಂಚೆ ಜೋರಾದ ಕೀಮೋ ಕೊಡ್ತಾರೆ. ಅದನ್ನೂ ತಿಂದು, ಆಮೇಲೆ ಆ ಕಣಗಳು ಇವನೊಳಗೆ ಏನನ್ನ ಹುಡುಕ್ತವೆ? ಇಲ್ಲದ್ದನ್ನ.

ಮಾರ್ಚ್ 8
ಟೈಲರ್ ಕಿಟಕಿಗೆ ಬಂದಿದ್ದಳು. ರಿಪೋರ್ಟ್ ಕೈಯಲ್ಲಿ. "ಇನ್ನೊಂದು ಸಲ ನೋಡೋಕಾಗಲ್ವಾ ಮೇಡಂ? ತಪ್ಪೂ ಆಗಿರಬಹುದು ಅಲ್ವಾ?"

ಗದರಲಿಲ್ಲ, ಅಳಲಿಲ್ಲ. ಕೇಳಿದಳು ಅಷ್ಟೇ.

"ಕೂತ್ಕೊಳ್ಳಿ," ಅಂದೆ. ನೇರ ಮೇಡಂ ರೂಮಿಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಮೇಡಂ ಎರಡೂ ಸ್ಲೈಡ್ ತರಿಸಿ ಮತ್ತೆ ನೋಡಿದರು. ಆಮೇಲೆ, "ಇಬ್ಬರನ್ನೂ ಕೊಲ್ತಿದ್ದೆ ನೀನು. ಲ್ಯಾಬ್ ಬೀಗದ ಕೈ ಇಲ್ಲಿಡು."

ಇಟ್ಟೆ.

ಮಾರ್ಚ್ 9
ತಮ್ಮನಿಗೆ ನಾನೇ ಹೇಳಿದೆ. ಬೇರೆ ಯಾರೋ ಹೇಳೋದು ಬೇಡ ಅಂತ.

ಕೇಳಿದ. ಗೋಡೆ ನೋಡಿದ.

"ಇಲ್ಲ ಅಂತ ಅವತ್ತೇ ಹೇಳಿದ್ರೆ ಸಹಿಸ್ಕೋತಿದ್ದೆ ಅಕ್ಕ. ನಾಲ್ಕು ದಿನ ಬದುಕಿಸಿಬಿಟ್ಟೆಯಲ್ಲ..."

ಅವನ ಹೆಂಡತಿ ಬಾಗಿಲ ತನಕವೂ ಬರಲಿಲ್ಲ.

ಮಾರ್ಚ್ 27
ಕೆಲಸ ಹೋಯಿತು. ಪೊಲೀಸರಿಗೆ ಕೊಡಲಿಲ್ಲ, ಅದು ಮೇಡಂ ದೊಡ್ಡತನ. ಟೈಲರ್ ಟ್ರಯಲ್‌ಗೆ ಅಡ್ಮಿಟ್ ಆಗಿದ್ದಾಳಂತೆ.

ಏಪ್ರಿಲ್ 16
ತಮ್ಮನೇ ಕರೆಸಿದ. ಮೂಗಿಗೆ ಆಕ್ಸಿಜನ್. ಕೆನ್ನೆ ಒಳಗೆ ಹೋಗಿದೆ.

"ಆ ಹೆಂಗಸು?"

"ಚಿಕಿತ್ಸೆ ಶುರುವಾಗಿದೆ ಅಂತೆ."

ತಲೆಯಾಡಿಸಿದ. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ನಾಳೆಯೂ ಬಾ ಅಂದ.

ಏಪ್ರಿಲ್ 19
ಉಗುರು ಬೆಳೆದಿತ್ತು. ಕತ್ತರಿಸ್ಲಾ ಅಂದೆ. ಕೈ ಚಾಚಿದ. ಚಿಕ್ಕವನಿದ್ದಾಗ ಕಿರುಚಾಡಿ ಓಡುತ್ತಿದ್ದ, ಈಗ ತಣ್ಣಗೆ ಕೊಟ್ಟಿದ್ದಾನೆ. ಎಡಗೈ ಮುಗಿಸೋ ಹೊತ್ತಿಗೆ ಸುಸ್ತಾದ.

"ಬಲಗೈ ನಾಳೆ," ಅಂದ.

ಏಪ್ರಿಲ್ 20
ಬಲಗೈ ಹಾಗೇ ಉಳಿಯಿತು. ಬೆಳಗಿನ ಜಾವವೇ ಹೋಗಿಬಿಟ್ಟ.