ಕಡುನೀಲಿ ಬಣ್ಣದ ಶಾಲೆ

೯ ಫೆಬ್ರವರಿ ೧೯೮೭, ಬೆಳಿಗ್ಗೆ
ಥೀಸಿಸ್ಸಿನ ಪ್ರಿಂಟ್‌ಔಟ್‌ಗೆ ಬಣ್ಣ ಹಚ್ಚುವುದು ಅಂತೂ ಮುಗಿಯಿತು. ಉಪಗ್ರಹ ಕಂಡ ಮಂಗಳೂರು — ಬಿಸಿ ಜಾಗಕ್ಕೆ ಕೆಂಪು, ತಂಪಿಗೆ ನೀಲಿ. ಬಜಪೆ ಗುಡ್ಡ ಪೂರ್ತಿ ಕೆಂಪು. ಕೊಟ್ಟಾರದ ಗೋದಾಮುಗಳ ಸಾಲು ಮಾತ್ರ ಕಡುನೀಲಿ. ಅದರ ತುದಿಯ ಶೆಡ್ಡಿನಲ್ಲೇ ಶಶಿಪ್ರಭಾಳ ಶಾಲೆ! ನನ್ನ ಹೆಂಡತಿ ಪಾಠ ಮಾಡುವುದು ಊರಿಗೇ ತಂಪಾದ ಜಾಗದಲ್ಲಿ. ಹೆಮ್ಮೆ ತಡೆಯಲಾಗಲಿಲ್ಲ. ಒಂದು ಪ್ರತಿ ಶಾಲೆಯ ಮ್ಯಾನೇಜರ್ ತಾರಾನಾಥರಿಗೂ ಕೊಟ್ಟೆ.

೧೩ ಫೆಬ್ರವರಿ
ಊಟಕ್ಕೆ ಶಶಿ ಮೀನು ಎರಡು ತುಂಡು ಹೆಚ್ಚೇ ಬಡಿಸಿದಳು — ಸಿಟ್ಟು ಬಂದಾಗ ಹಾಗೆಯೇ. ಆಮೇಲೆ ಬಾಯಿ ಬಿಟ್ಟಳು. ಶೆಡ್ಡಿಗೆ ಸೀಲಿಂಗ್ ಹಾಕಿಸಿ ಎಂದು ಟೀಚರುಗಳ ಅರ್ಜಿ. ತಾರಾನಾಥರು ನನ್ನ ನಕ್ಷೆ ತೋರಿಸಿ, ಬೇಡ ಎಂದರಂತೆ.
"ತಂಪುಂಟಂತೆ! ಎಂತ ಮಾರಾಯ್ರೆ, ನಿಮ್ಮ ಸ್ಯಾಟಲೈಟ್ ಒಂದು ದಿನ ನಮ್ಮ ಬೆಂಚಲ್ಲಿ ಕೂತದ್ದುಂಟಾ?"
ಆರು ತಿಂಗಳ ಬಸುರಿ. ನಿನ್ನೆ ಕ್ಲಾಸಿನಲ್ಲೇ ತಲೆ ಸುತ್ತಿ ಕುಸಿದಳಂತೆ. ನನಗೆ ಹೇಳಿರಲೇ ಇಲ್ಲ.

೧೪, ಮಧ್ಯಾಹ್ನ
ಥರ್ಮಾಮೀಟರ್ ಹಿಡಿದು ಹೋದೆ. ಶೆಡ್ಡಿನೊಳಗೆ ನಲವತ್ತು. ಮಾಡಿಗೆ ಹೊಳೆಯುವ ಹೊಸ ತಗಡು. ಮುಟ್ಟಿದ ಬೆರಳು ಇನ್ನೂ ಉರಿಯುತ್ತಿದೆ.
ತಪ್ಪು ಗೊತ್ತಾಯಿತು. ಹಂಚು, ಕೆಂಪು ಮುರಕಲ್ಲು, ಮರ — ಇವು ತಮ್ಮ ಬಿಸಿಯನ್ನು ಹೆಚ್ಚುಕಡಿಮೆ ಪೂರ್ತಿ ಹೊರಗೆ ಸೂಸುತ್ತವೆ. ಹೊಳೆಯುವ ತಗಡು ಎಷ್ಟು ಕಾದರೂ ಸೂಸುವುದು ಸ್ವಲ್ಪವೇ. ಉಪಗ್ರಹಕ್ಕೆ ಕಾಣುವುದು ಹಾಗೆ ಸೂಸಿದ ಬಿಸಿ ಮಾತ್ರ, ಅದಕ್ಕೇ ತಗಡು ನೀಲಿ. ಈ ಗುಣವೇ ಎಮಿಸಿವಿಟಿ, ನನ್ನ ಥೀಸಿಸ್ಸಿನ ವಿಷಯವೇ ಅದು. ಹಂಚಿನ ಊರಲ್ಲವೇ ಎಂದು ಇಡೀ ಮಂಗಳೂರಿಗೆ ಹಂಚಿನ ಎಮಿಸಿವಿಟಿ ೦.೯೫ ಹಾಕಿಬಿಟ್ಟಿದ್ದೆ. ಕತ್ತೆ ನಾನು.
"ಹಾಗಾದ್ರೆ ಆ ತಗಡು ನನ್ನ ಹಾಗೆಯೇ," ಎಂದಳು ಶಶಿ. "ಒಳಗೆ ಬೇಯ್ತಾ ಉಂಟು, ಹೊರಗೆ ಗೊತ್ತಾಗುದಿಲ್ಲ." ನಕ್ಕಳು. ನನಗೆ ನಗು ಬರಲಿಲ್ಲ.

೧೭
ಗೈಡ್ ಹೇಳಿದರು, "ನಿತ್ಯಾನಂದ, ಶುಕ್ರವಾರ ಸಬ್‌ಮಿಟ್ ಮಾಡು. ತಗಡಿನ ವಿಷಯ ಅಡಿಟಿಪ್ಪಣಿಯಲ್ಲಿ ಹಾಕು, ಸಾಕು."
ತಾರಾನಾಥರು ಅಡಿಟಿಪ್ಪಣಿ ಓದುತ್ತಾರೆಯೇ? ಥೀಸಿಸ್ ವಾಪಸ್ ತಂದೆ. ಲೆಕ್ಕವೆಲ್ಲ ಮೊದಲಿನಿಂದ. ಇನ್ನು ಆರು ತಿಂಗಳಾದರೂ ಬೇಕು... ಶಶಿ ಬೈಯುತ್ತಾಳೆ ಎಂದುಕೊಂಡಿದ್ದೆ. ಹಣೆಗೆ ಮುತ್ತು ಕೊಟ್ಟಳು.

೨೦, ಸಂಜೆ
ತಾರಾನಾಥರ ಎದುರು ತಪ್ಪೊಪ್ಪಿಕೊಂಡೆ.
"ಮೊನ್ನೆ ತಂಪು ಅಂದ್ರಿ, ಇವತ್ತು ಬಿಸಿ ಅಂತೀರಿ. ಯಾವುದನ್ನು ನಂಬುದು ಮಾರಾಯ್ರೆ?"
ನ್ಯಾಯವೇ. ಹಾಗಾದರೆ ಒಂದು ಪೀರಿಯಡ್ ಕೂತು ನೋಡಿ ಎಂದೆ. ಶಶಿಯ ಕ್ಲಾಸಿನ ಹಿಂದಿನ ಬೆಂಚಲ್ಲಿ ಕೂತರು. ಹತ್ತು ನಿಮಿಷಕ್ಕೆ ಕರವಸ್ತ್ರ. ಇಪ್ಪತ್ತಕ್ಕೆ ಶರ್ಟಿನ ಗುಂಡಿ. ಏಳಲು ಹೊರಟರು. ಶಶಿ ಬೋರ್ಡಿನಿಂದ ತಿರುಗಿದವಳೇ, "ಕೂತುಕೊಳ್ಳಿ ಸರ್. ಬೆಲ್ ಆಗ್ಲಿಲ್ಲ!"
ಕೂತರು. ಸೀಲಿಂಗ್ ಕೆಲಸ ಸೋಮವಾರ ಶುರು.
ಎಂಥ ಹೆಂಗಸನ್ನು ಕಟ್ಟಿಕೊಂಡಿದ್ದೇನೆ ನಾನು! ಈಗ ಒಳಗಿನಿಂದ ಕರೆಯುತ್ತಿದ್ದಾಳೆ. ಮಗು ಒದೀತಾ ಉಂಟಂತೆ, ನಿಲ್ಲುವ ಮೊದಲು ಕೈ ಇಟ್ಟು ನೋಡಬೇಕಂತೆ, ಬರೆಯುವುದು ಆಮೇಲೆ ಅಂತೆ. ಬಂದೆ ಮಾರಾಯ್ತಿ, ಇಗೋ —